ವಚನಗಳ ಪರಿಭಾಷೆ: ಬಿಡಿಸಿ ಹೇಳಿದವರು, ಹೇಳದೆ ಬಿಟ್ಟವರು

ಜಾತ್ರೆಯ ಆಮಂತ್ರಣ ಪತ್ರಿಕೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಓಣಿಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಮನೆಗೆ ಬಂದಿದ್ದಳು. ಕನ್ನಡ ಎಂ.ಎ. ಓದುತ್ತಿರುವವಳು, ಪಂಪನನ್ನೂ ಹರಿಹರನನ್ನೂ ತಕ್ಕಮಟ್ಟಿಗೆ ಬಲ್ಲವಳು. ಪತ್ರಿಕೆಯಲ್ಲಿ ಒಬ್ಬ ಪೂಜ್ಯರ ಹೆಸರಿನ ಹಿಂದೆ ‘ಶ್ರೀ ಮ.ನಿ.ಪ್ರ.’ ಎಂದೂ, ಮತ್ತೊಬ್ಬರ ಹೆಸರಿನ ಹಿಂದೆ ‘ಷ.ಬ್ರ.’ ಎಂದೂ, ಹಿಂದಿನ ಪೀಠಾಧಿಪತಿಗಳ ಹೆಸರಿಗೆ ‘ಲಿಂ.’ ಎಂದೂ ಅಚ್ಚಾಗಿತ್ತು. “ಗುರುಗಳ, ಈ ‘ಮ’ ಅನ್ನೂದು ಅಜ್ಜಾರ ಊರಿನ ಹೆಸರೇನ್ರಿ, ಮನೆತನದ ಹೆಸರೇನ್ರಿ?” ಎಂದು ಕೇಳಿದಳು. ಹೆಸರಿನ ಹಿಂದೆ ಊರು, ತಂದೆ, ಮನೆತನಗಳ ಮೊದಲಕ್ಷರ ಬರೆಯುವ ರೂಢಿ ನಮ್ಮಲ್ಲಿರುವುದರಿಂದ ಅವಳ ಊಹೆ ಅಸಹಜವಾದುದೇನೂ ಅಲ್ಲ. ನಗು ಬಂದರೂ ನಾನು ನಗಲಿಲ್ಲ. ಆ ಮಕಾರದ ಅರ್ಥವನ್ನು ನಾನೂ ತಿಳಿದುಕೊಂಡದ್ದು ಶಾಲೆಯಲ್ಲಿ ನೌಕರಿ ಹಿಡಿದು ಹತ್ತು ವರ್ಷ ಕಳೆದ ಮೇಲೆಯೇ.

‘ಶ್ರೀಮನ್ನಿರಂಜನ ಪ್ರಣವಸ್ವರೂಪಿ’ ಎಂಬುದು ಅದರ ಪೂರ್ಣರೂಪ. ವಿರಕ್ತಮಠಗಳ ಪೂಜ್ಯರಿಗೆ ಸಲ್ಲುವ ಬಿರುದು. ‘ಶ್ರೀಮತ್’ ಎಂಬುದರ ಮುಂದೆ ‘ನಿರಂಜನ’ ಬಂದಾಗ ಸಂಧಿಯಲ್ಲಿ ತಕಾರವು ನಕಾರವಾಗಿ ‘ಶ್ರೀಮನ್ನಿರಂಜನ’ ಎಂದಾಗುತ್ತದೆ. ಎಂದರೆ ಸಂಕ್ಷೇಪದಲ್ಲಿರುವ ‘ಮ’ ಯಾವ ಪದದ ಮೊದಲಕ್ಷರವೂ ಅಲ್ಲ. ‘ಶ್ರೀಮತ್’ ಎಂಬುದರ ಬಾಲ. ‘ಶ್ರೀ’ಯನ್ನು ಬಿಟ್ಟು ಬರಿದೆ ‘ಮ.ನಿ.ಪ್ರ.’ ಎಂದು ಬರೆದರೆ ಆ ಬಾಲ ತಲೆಯಿಲ್ಲದೆ ಉಳಿಯುತ್ತದೆ. ‘ಷ.ಬ್ರ.’ ಎಂಬುದು ಗುರುಪರಂಪರೆಯ ಶಿವಾಚಾರ್ಯರಿಗೆ ಸಲ್ಲುವ ‘ಷಟ್‌ಸ್ಥಲಬ್ರಹ್ಮಿ’. ‘ಲಿಂ.’ ಎಂಬುದು ‘ಲಿಂಗೈಕ್ಯ’. ಹೀಗೆ ಅಂಗೈಯಗಲದ ಪತ್ರಿಕೆಯೊಂದರಲ್ಲಿ ನಿರಂಜನ, ಪ್ರಣವ, ಷಟ್‌ಸ್ಥಲ, ಐಕ್ಯ ಎಂಬ ನಾಲ್ಕು ಮಹಾಪದಗಳು ಅಡಗಿವೆ. ಭಕ್ತನು ಅವನ್ನು ನೋಡಿ ಕೈಮುಗಿಯುತ್ತಾನೆ, ವಿದ್ಯಾರ್ಥಿಯು ಇನಿಷಿಯಲ್ ಎಂದು ದಾಟಿಹೋಗುತ್ತಾನೆ. ಓದಿದವರು ಇಬ್ಬರಲ್ಲಿ ಒಬ್ಬರೂ ಇಲ್ಲ.

ಪಾರಿಭಾಷಿಕ ಪದಗಳನ್ನೂ ಸಂಕ್ಷೇಪಗಳನ್ನೂ ಓದುಗನಿಗೆ ಬಿಡಿಸಿ ಹೇಳುವ ಕ್ರಮ ನಮ್ಮ ಹಿಂದಿನವರಲ್ಲಿ ಹೇಗಿತ್ತು, ಅದು ಎಲ್ಲಿ ಗಟ್ಟಿಯಾಗಿತ್ತು, ಎಲ್ಲಿ ಸಡಿಲಾಯಿತು ಎಂಬುದನ್ನು ವಚನ ವಾಙ್ಮಯದ ಇತಿಹಾಸವನ್ನು ಅನುಲಕ್ಷಿಸಿ ನೋಡಬೇಕೆಂದು ಆ ದಿನವೇ ಅನ್ನಿಸಿತು.

ಸಂಕ್ಷೇಪಾಕ್ಷರವೆಂಬುದು ಅಚ್ಚಿನ ಯುಗದ ಹೊಸ ಸೃಷ್ಟಿಯೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಪಾಣಿನಿಯ ವ್ಯಾಕರಣಕ್ಕೆ ಮೊದಲಲ್ಲಿ ನಿಲ್ಲುವ ೧೪ ಮಾಹೇಶ್ವರ ಸೂತ್ರಗಳು ಶಿವನ ಡಮರುವಿನಿಂದ ಹೊಮ್ಮಿದವೆಂದು ಪರಂಪರೆ ಹೇಳುತ್ತದೆ. ಅವುಗಳಲ್ಲಿ ವರ್ಣಗಳನ್ನು ಒಂದು ವಿಶೇಷ ಕ್ರಮದಲ್ಲಿ ಜೋಡಿಸಿ, ಪ್ರತಿ ಸೂತ್ರದ ಕೊನೆಗೆ ಒಂದು ಗುರುತಿನ ವ್ಯಂಜನವನ್ನು ಇಡಲಾಗಿದೆ. ಮೊದಲ ವರ್ಣವನ್ನೂ ಕೊನೆಯ ಗುರುತನ್ನೂ ಕೂಡಿಸಿ ಹೇಳಿದರೆ ನಡುವಣ ವರ್ಣಗಳೆಲ್ಲ ಅದರಲ್ಲಿ ಸೇರುತ್ತವೆ. ‘ಅಚ್’ ಎಂದರೆ ಎಲ್ಲ ಸ್ವರಗಳು, ‘ಹಲ್’ ಎಂದರೆ ಎಲ್ಲ ವ್ಯಂಜನಗಳು. ಸುಮಾರು ೪೦೦೦ ಸೂತ್ರಗಳ ಶಾಸ್ತ್ರವು ಇಷ್ಟು ಚಿಕ್ಕದಾಗಿ ಉಳಿದದ್ದು ಬಹುಮಟ್ಟಿಗೆ ಈ ಪ್ರತ್ಯಾಹಾರಗಳಿಂದ. ಆದರೆ ಪಾಣಿನಿಯು ಪ್ರತ್ಯಾಹಾರವನ್ನು ಬಳಸಿ ಸುಮ್ಮನಾಗಲಿಲ್ಲ. ಅದನ್ನು ಬಿಡಿಸಿಕೊಳ್ಳುವ ಬಗೆ ಯಾವುದೆಂಬುದನ್ನು ಮೊದಲ ಪಾದದಲ್ಲಿಯೇ ಒಂದು ಸೂತ್ರವಾಗಿ ಹೇಳಿದನು.

ಅಂಥವನ ಕಟ್ಟಡದಲ್ಲಿಯೂ ಒಂದು ಬಿರುಕು ಉಳಿಯಿತೆಂಬುದು ಗಮನಾರ್ಹ. ಣಕಾರದ ಗುರುತು ಮೊದಲನೆಯ ಸೂತ್ರದ ಕೊನೆಯಲ್ಲಿಯೂ ಆರನೆಯ ಸೂತ್ರದ ಕೊನೆಯಲ್ಲಿಯೂ ಬಂದಿದೆ. ಹಾಗಾದರೆ ‘ಅಣ್’ ಎಂದಾಗ ಮೂರೇ ಸ್ವರಗಳನ್ನು ಹಿಡಿಯಬೇಕೋ, ಎಲ್ಲ ಸ್ವರಗಳೊಡನೆ ಹ, ಯ, ವ, ರ, ಲಗಳನ್ನೂ ಹಿಡಿಯಬೇಕೋ? ಈ ಸಂದೇಹವನ್ನು ಪತಂಜಲಿಯು ಎತ್ತಿಕೊಂಡು, ಸಂದೇಹ ಬಂದ ಮಾತ್ರಕ್ಕೆ ಶಾಸ್ತ್ರ ಕೆಡುವುದಿಲ್ಲ, ವ್ಯಾಖ್ಯಾನದಿಂದ ವಿಶೇಷವನ್ನು ನಿಶ್ಚಯಿಸಬೇಕು ಎಂಬ ನಿರ್ಣಯಕ್ಕೆ ಬಂದನು. ಒಂದೇ ಗುರುತನ್ನು ಎರಡು ಕಡೆ ಇಟ್ಟ ಮೇಲೆ ವ್ಯಾಖ್ಯಾನಕಾರನಿಗೆ ಬಿಡುವಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ವಚನ ಸಂಪಾದನೆಯ ಪ್ರಸಂಗದಲ್ಲಿ ಮತ್ತೆ ಇದರ ಕೆಲಸ ಬೀಳುತ್ತದೆ.

ಇನ್ನು ಲಕ್ಷಣ ಹೇಳುವ ವಿಷಯ. ತರ್ಕಶಾಸ್ತ್ರವು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದೆ. ಆಕಳೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಆಕಳು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಯಾವ ಆಕಳಿಗೂ ಹೊಂದುವುದಿಲ್ಲ, ಅದು ಅಸಂಭವ. ಗಂಗೆದೊಗಲು ಇರುವುದೇ ಆಕಳು ಎಂಬುದು ಸರಿಯಾದ ಲಕ್ಷಣ. ಹಳೆಯ ಪಾಠಶಾಲೆಗಳಲ್ಲಿ ಮಕ್ಕಳೂ ಬಾಯಿಪಾಠ ಮಾಡುತ್ತಿದ್ದ ಈ ವಿಚಾರವನ್ನು ನಮ್ಮ ಪರಿಭಾಷೆಗೆ ಹಚ್ಚಿ ನೋಡುವವರು ಕಡಮೆ.

ನಮ್ಮ ಆಗಮಗಳಲ್ಲಿಯೂ ಶಾಸ್ತ್ರಗ್ರಂಥಗಳಲ್ಲಿಯೂ ಪದವನ್ನು ವಿವರಿಸುವ ಬಹು ಪ್ರೀತಿಯ ಮಾರ್ಗವೆಂದರೆ ಅಕ್ಷರ ಬಿಡಿಸುವುದು. ಗುರುವೆಂಬಲ್ಲಿ ಗುಕಾರವು ಕತ್ತಲೆ, ರುಕಾರವು ಅದನ್ನು ಕಳೆಯುವುದು ಎಂಬುದನ್ನು ಎಲ್ಲರೂ ಕೇಳಿರುತ್ತಾರೆ. ಶಿವಯೋಗಿ ಶಿವಾಚಾರ್ಯರ ‘ಸಿದ್ಧಾಂತ ಶಿಖಾಮಣಿ’ಯಲ್ಲಿ ‘ವೀರಶೈವ’ ಶಬ್ದವನ್ನು ಶಿವಜೀವರ ಐಕ್ಯವನ್ನು ಬೋಧಿಸುವ ವಿದ್ಯೆ ಮತ್ತು ಅದರಲ್ಲಿ ರಮಿಸುವಿಕೆ ಎಂದು ಎರಡಾಗಿ ಬಿಡಿಸಲಾಗಿದೆ. ಮಗ್ಗೆಯ ಮಾಯಿದೇವನು ತನ್ನ ಸಂಸ್ಕೃತ ಗ್ರಂಥ ‘ಅನುಭವಸೂತ್ರ’ದಲ್ಲಿ ‘ಸ್ಥಲ’ವನ್ನು ಚರಾಚರ ಜಗತ್ತು ನಿಂತಿರುವ ಮತ್ತು ಲಯವಾಗುವ ನೆಲೆಯೆಂದು ವಿವರಿಸುತ್ತಾನೆ, ಅಲ್ಲಿ ಪೂರ್ವಾಕ್ಷರವು ಸ್ಥಿತಿಗೆ, ಲಕಾರವು ಲಯಕ್ಕೆ. ಪಂಚಾಕ್ಷರಿಯ ಐದು ಅಕ್ಷರಗಳನ್ನು ಐದು ಭೂತಗಳಿಗೆ ಹೊಂದಿಸಿ, ಓಂಕಾರವನ್ನೂ ಕೂಡಿಸಿಕೊಂಡು ಆರನ್ನು ಆರು ಸ್ಥಲಗಳಿಗೆ ಹೊಂದಿಸುವುದೂ ಇದೇ ಜಾಡಿನದು.

ಇದು ನಿರುಕ್ತಿ, ಲಕ್ಷಣವಲ್ಲ. ಈ ಭೇದವನ್ನು ಮರೆತರೆ ತೊಡಕು ಹುಟ್ಟುತ್ತದೆ. ‘ಜಂಗಮ’ ಶಬ್ದವನ್ನೇ ನೋಡಿರಿ. ಅಕ್ಷರ ಬಿಡಿಸುವವರು ಜಕಾರಕ್ಕೆ ಹುಟ್ಟಿಲ್ಲದುದು, ಗಕಾರಕ್ಕೆ ಹೋಗುವಿಕೆಯಿಲ್ಲದುದು, ಮಕಾರಕ್ಕೆ ಸಾವಿಲ್ಲದುದು ಎಂದು ಅರ್ಥ ಹೇಳುತ್ತಾರೆ. ಧ್ಯಾನಕ್ಕೆ ಇದು ಒಳ್ಳೆಯ ಆಸರೆ. ಆದರೆ ಲಕ್ಷಣವೆಂದು ಹಿಡಿದರೆ ಶಿವನಿಗೂ ಇದು ಸಲ್ಲುವುದರಿಂದ ಅತಿವ್ಯಾಪ್ತಿಯಾಗುತ್ತದೆ. ಅದಕ್ಕಿಂತ ಹೆಚ್ಚಿನ ಸೋಜಿಗವೆಂದರೆ, ವ್ಯಾಕರಣದ ಪ್ರಕಾರ ಈ ಶಬ್ದ ಹುಟ್ಟಿದ್ದೇ ಹೋಗುವುದೆಂಬ ಅರ್ಥದ ‘ಗಮ್’ ಧಾತುವಿನಿಂದ. ಮತ್ತೆ ಮತ್ತೆ ಚಲಿಸುವುದು ಜಂಗಮ. ಧಾತುವು ಚಲಿಸುತ್ತದೆ ಎನ್ನುತ್ತಿರುವಾಗ ಅಕ್ಷರವು ಚಲಿಸುವುದಿಲ್ಲ ಎನ್ನುತ್ತಿದೆ. ಎರಡೂ ತಮ್ಮ ತಮ್ಮ ಎಡೆಯಲ್ಲಿ ಸರಿಯೇ. ಜಂಗಮವೆಂದರೆ ಏನೆಂದು ಅರಿಯದವನಿಗೆ ಮೊದಲು ಯಾವುದನ್ನು ಹೇಳಬೇಕು ಎಂಬುದು ನನ್ನ ಪ್ರಶ್ನೆ. ಅರಿತವನಿಗೆ ನಿರುಕ್ತಿಯು ರಸವಾಗಿ ಪರಿಣಮಿಸುತ್ತದೆ, ಅರಿಯದವನಿಗೆ ಒಗಟಾಗುತ್ತದೆ. ನಮ್ಮ ಉಪನ್ಯಾಸಕರಲ್ಲಿ ಬಹುಮಂದಿ ಒಗಟಿನಿಂದಲೇ ಪ್ರಾರಂಭಿಸುತ್ತಾರೆ.

ಹನ್ನೆರಡನೆಯ ಶತಮಾನದ ಶರಣರು ಏನು ಮಾಡಿದರು? ಅವರ ಮುಂದೆ ಕುಳಿತವರು ಪಾಠಶಾಲೆಯ ವಿದ್ಯಾರ್ಥಿಗಳಾಗಿರಲಿಲ್ಲ. ಅಂಬಿಗರು, ಮಡಿವಾಳರು, ಕಾಯಕದವರು. ಆದ್ದರಿಂದ ಶರಣರು ಬಹುಮಟ್ಟಿಗೆ ಮನೆಯ ಮಾತುಗಳನ್ನೇ ಎತ್ತಿಕೊಂಡು ಅವಕ್ಕೆ ಹೊಸ ಹೊಣೆ ಹೊರಿಸಿದರು. ಅರಿವು, ಮರಹು, ಕುರುಹು, ನಿಲುವು, ಬಯಲು ಇವೆಲ್ಲ ಹೊಲಮನೆಗಳ ಮಾತುಗಳೇ. ಹೊಸ ಅರ್ಥವನ್ನು ವಚನದೊಳಗೆಯೇ ಹೇಳಿಬಿಡುವುದು ಅವರ ರೀತಿ. ಬಸವಣ್ಣನವರು ಅಂತರಂಗಶುದ್ಧಿ, ಬಹಿರಂಗಶುದ್ಧಿಗಳೆಂಬ ಎರಡು ಭಾರವಾದ ಪದಗಳನ್ನು ಹೇಳಬೇಕಾದಾಗ ಮೊದಲು ಏಳು ನಿಷೇಧಗಳನ್ನು ಮಗುವಿಗೂ ತಿಳಿಯುವ ಕನ್ನಡದಲ್ಲಿ ಎಣಿಸಿ, ಬಳಿಕ ಆ ಪದಗಳನ್ನು ಮುಂದಿಟ್ಟು, ಅವೆಂದರೆ ಇಷ್ಟೇ ಎಂದು ಮುಗಿಸಿದರು. ಪದ ಕೊನೆಯಲ್ಲಿ ಬರುತ್ತದೆ, ಅರ್ಥ ಅದಕ್ಕೆ ಮೊದಲೇ ಬಂದು ಕುಳಿತಿರುತ್ತದೆ. ಪರಿಭಾಷೆಯನ್ನು ಕಲಿಸುವ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ದೇಹವನ್ನೇ ದೇಗುಲವಾಗಿ ಕಂಡ ಅವರ ಪ್ರಸಿದ್ಧ ವಚನದಲ್ಲಿ ಸ್ಥಾವರ, ಜಂಗಮಗಳೆಂಬ ಜೋಡಿಪದಗಳು ಬರುವುದೂ ಹೀಗೆಯೇ. ಕಂಬ, ಕಾಲು, ಶಿರಗಳು ಮೊದಲು ಕಣ್ಣಿಗೆ ಕಟ್ಟಿದ ಮೇಲೆ.

ಅಲ್ಲಮಪ್ರಭುಗಳ ರೀತಿ ಬೇರೆ. ಅವರು ಲಕ್ಷಣ ಹೇಳುವುದಕ್ಕಿಂತ ಹೇಳಿದ ಲಕ್ಷಣವನ್ನು ಒಡೆಯುವುದೇ ಹೆಚ್ಚು. ಹದಿನೈದು-ಹದಿನಾರನೆಯ ಶತಮಾನಗಳಲ್ಲಿ ‘ಶೂನ್ಯಸಂಪಾದನೆ’ಯನ್ನು ಸಂಕಲಿಸಿದವರು ಈ ಗುಣವನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಅವರು ವಚನಗಳನ್ನು ಸಂವಾದವಾಗಿ ಜೋಡಿಸಿದರು. ಅಲ್ಲಿ ಮುಕ್ತಾಯಕ್ಕನಾಗಲಿ ಸಿದ್ಧರಾಮನಾಗಲಿ ಮಹಾದೇವಿಯಕ್ಕನಾಗಲಿ ಒಂದು ಪದವನ್ನು ಬಳಸಿದರೆ ಪ್ರಭುವು ಅದನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಆ ಪದಕ್ಕೆ ನಿನ್ನ ನಡೆಯಲ್ಲಿ ಅರ್ಥವೇನು ಎಂದು ಕೇಳುತ್ತಾನೆ. ಬೆಡಗಿನ ವಚನಗಳು ಬೇಕೆಂದೇ ಮುಚ್ಚಿಟ್ಟವು. ಅವಕ್ಕೆ ಟೀಕೆ ಬೇಕೆಂಬುದು ಎಲ್ಲರಿಗೂ ಗೊತ್ತು. ಮುಚ್ಚಿದುದೆಂದು ಗೊತ್ತಿರುವ ಪೆಟ್ಟಿಗೆಯಿಂದ ಅಪಾಯವಿಲ್ಲ.

ಚೆನ್ನಬಸವಣ್ಣನವರನ್ನು ಷಟ್‌ಸ್ಥಲಚಕ್ರವರ್ತಿಯೆಂದು ಪರಂಪರೆ ಕರೆದಿದೆ. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಶಾಸ್ತ್ರದ ಕಟ್ಟು ಬಂದದ್ದು ಮುಖ್ಯವಾಗಿ ಅವರ ಹೆಸರಿನಲ್ಲಿ. ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ, ಎಂದರೆ ೧೪೨೪ರಿಂದ ೧೪೪೬ರವರೆಗಿನ ಅವಧಿಗೆ ಬಂದಾಗ ಈ ಕಟ್ಟು ಬಹಳ ಬೆಳೆಯಿತು. ದಂಡನಾಯಕ ಲಕ್ಕಣ್ಣದಂಡೇಶನು ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದನು, ಮಹಾಲಿಂಗದೇವ, ಜಕ್ಕಣಾರ್ಯರು ನೂರೊಂದು ಸ್ಥಲಗಳ ಕ್ರಮದಲ್ಲಿ ವಚನಗಳನ್ನು ಒಪ್ಪವಿಟ್ಟರು. ನೂರೊಂದು ಎಂದರೆ ಅಂಗಸ್ಥಲಗಳು ೪೪, ಲಿಂಗಸ್ಥಲಗಳು ೫೭. ಅದೇ ಶತಮಾನದ ಕಲ್ಲುಮಠದ ಪ್ರಭುದೇವರು ‘ಲಿಂಗಲೀಲಾವಿಲಾಸ ಚಾರಿತ್ರ’ದಲ್ಲಿ ವಚನಗಳನ್ನು ಸ್ಥಲಕ್ರಮದಲ್ಲಿಟ್ಟು ಟೀಕೆ ಬರೆದರು. ಈ ಮಹನೀಯರು ಇಲ್ಲದಿದ್ದರೆ ನಮಗೆ ವಚನಗಳು ಇಷ್ಟು ಕ್ರಮವಾಗಿ ದೊರೆಯುತ್ತಿರಲಿಲ್ಲ. ವಚನಗಳು ಮುಂದೆ ಹೊಸ ಓದುಗರ ಕೈಗೆ ಹೋಗಲಿವೆ, ಅವರಿಗೆ ಕಲ್ಯಾಣದ ಮಾತು ತಾನಾಗಿ ತಿಳಿಯದು ಎಂಬ ಎಚ್ಚರ ಅವರಲ್ಲಿತ್ತು. ಟೀಕಾಕಾರರನ್ನು ಹಗುರವಾಗಿ ಕಾಣುವುದು ಕೆಲವು ಆಧುನಿಕ ವಿಮರ್ಶಕರಿಗೆ ಅಭ್ಯಾಸವಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ.

ಆದರೂ ಒಂದು ತೊಡಕು ಅಲ್ಲಿಯೇ ಹುಟ್ಟಿತೆನ್ನಬೇಕು. ಪದವನ್ನು ಅರ್ಥದಿಂದ ತಿಳಿಸುವುದರ ಬದಲು ಎಣಿಕೆಯಿಂದ ತಿಳಿಸುವ ರೂಢಿ ಬಲಿಯಿತು. ಒಂದೊಂದು ಸ್ಥಲಕ್ಕೂ ಒಂದು ಅಂಗ, ಒಂದು ಹಸ್ತ, ಒಂದು ಲಿಂಗ, ಒಂದು ಮುಖ, ಒಂದು ಶಕ್ತಿ, ಒಂದು ಭಕ್ತಿ, ಒಂದು ಪದಾರ್ಥ ಎಂದು ಹೊಂದಿಸಿದ ಕೋಷ್ಟಕವೇ ಲಕ್ಷಣದ ಸ್ಥಾನದಲ್ಲಿ ಬಂದು ಕುಳಿತಿತು.

ಇದರ ಪೆಟ್ಟನ್ನು ನಾನೇ ತಿಂದಿದ್ದೇನೆ. ಹೈಸ್ಕೂಲಿನಲ್ಲಿ ವಚನದ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗ ಪ್ರಾಣಲಿಂಗಿ ಎಂದರೆ ಯಾರೆಂದು ಕೇಳಿದ. ನಾನು ಹುರುಪಿನಿಂದ ಹಲಗೆಯ ಮೇಲೆ ಬರೆಸಿದೆ: ವಾಯುವೇ ಅಂಗ, ಸುಮನವೇ ಹಸ್ತ, ಜಂಗಮಲಿಂಗ, ತ್ವಕ್ಕೇ ಮುಖ, ಆದಿಶಕ್ತಿ, ಅನುಭಾವಭಕ್ತಿ, ಸ್ಪರ್ಶವೇ ಪದಾರ್ಥ. ಒಂದೂ ತಪ್ಪಿಲ್ಲ. ಹುಡುಗ ಬರೆದುಕೊಂಡ. ಮರುದಿನ ಎದ್ದು ನಿಂತು ಕೇಳಿದ: “ಗುರುಗಳ, ನಿನ್ನೆ ಪ್ರಾಣಲಿಂಗಿ ಮಗ್ಗಲಾಗ ನಿಂತವರ ಹೆಸರೆಲ್ಲಾ ಬರಸಿದ್ರಿ. ಪ್ರಾಣಲಿಂಗಿ ಅಂದ್ರ ಯಾರ್ರಿ?” ತರಗತಿ ನಕ್ಕಿತು. ನನಗೆ ಸಿಟ್ಟು ಬಂದಿತು, ಅವನನ್ನು ಕೂಡಿಸಿಬಿಟ್ಟೆ. ಆ ಹುಡುಗನಿಗೆ ನಾನು ಅನ್ಯಾಯ ಮಾಡಿದೆನೆಂಬುದು ನನಗೆ ತಿಳಿದದ್ದು ಅಂದಿನ ರಾತ್ರಿ, ಒಂದು ವಾಕ್ಯದಲ್ಲಿ ಉತ್ತರ ಬರೆಯಲು ಕುಳಿತಾಗ. ಬರೆಯಲಾಗಲಿಲ್ಲ. ಕೋಷ್ಟಕ ಕಂಠಪಾಠವಾಗಿತ್ತು, ಪ್ರಾಣಲಿಂಗಿ ನನಗೂ ಗೊತ್ತಿರಲಿಲ್ಲ. ಅಂಗೈಯಲ್ಲಿಟ್ಟು ಪೂಜಿಸುವ ಲಿಂಗವನ್ನು ತನ್ನ ಪ್ರಾಣದಿಂದ ಬೇರೆಯೆಂದು ಎಣಿಸದೆ, ಪೂಜೆಯ ಹೊತ್ತು ಮುಗಿದ ಮೇಲೂ ಉಸಿರಿನೊಡನೆ ಆ ಅರಿವನ್ನು ನಡೆಸಿಕೊಂಡು ಹೋಗುವವನು ಪ್ರಾಣಲಿಂಗಿ ಎಂದು ನಾನು ಬರೆಯುವಂತಾಗಲು ಅನೇಕ ವರ್ಷಗಳು ಹಿಡಿದವು. ಅದೂ ಪೂರ್ಣ ಲಕ್ಷಣವೆಂದು ಹೇಳಲಾರೆ. ಆದರೆ ಅದನ್ನು ಕೇಳಿದ ಮೇಲೆ ವಾಯುವೂ ಸ್ಪರ್ಶವೂ ಆ ಸಾಲಿನಲ್ಲಿ ಏಕೆ ಬಂದವೆಂಬುದು ತಾನಾಗಿ ಹೊಳೆಯುತ್ತದೆ.

ಎರಡು ಮನೆಗಳಲ್ಲಿ ವಾಸಿಸುವ ಪದಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಾಹಿತ್ಯದ ವಿದ್ಯಾರ್ಥಿಯು ‘ಅನುಭಾವ’ ಎಂಬ ಪದವನ್ನು ಮೊದಲು ಕಲಿಯುವುದು ಭರತನ ರಸಪ್ರಕರಣದಲ್ಲಿ. ಅಲ್ಲಿ ವಿಭಾವ, ಸಂಚಾರಿಗಳೊಡನೆ ಬರುವ ಅದು ಒಳಗಿನ ಭಾವವನ್ನು ಹೊರಗೆ ತೋರಿಸುವ ಕಟಾಕ್ಷಾದಿ ಚೇಷ್ಟೆಗಳ ಹೆಸರು. ಶರಣರ ಅನುಭಾವವು ಲಿಂಗದೊಡನೆ ಬೆರೆತ ಅರಿವು. ಮೊದಲನೆಯದು ಹೊರಗೆ ಕಾಣುವುದು, ಎರಡನೆಯದು ಕಾಣದ್ದು. ಶೂನ್ಯವೂ ಹಾಗೆಯೇ. ಗಣಿತದವನಿಗೆ ಅದು ಸೊನ್ನೆ, ಬೌದ್ಧದರ್ಶನವನ್ನು ಓದಿದವನಿಗೆ ವಸ್ತುವಿಗೆ ಸ್ವಂತ ಸ್ವಭಾವವಿಲ್ಲದಿರುವಿಕೆ, ಶರಣರಿಗೆ ಎಲ್ಲವೂ ಅಡಗಿರುವ ನಿರವಯವಾದ ಪರವಸ್ತು. ಇದನ್ನು ಹೇಳದೆ ‘ಶೂನ್ಯಸಂಪಾದನೆ’ಯ ಹೆಸರನ್ನು ಮಾತ್ರ ಕೊಟ್ಟರೆ, ಏನೂ ಇಲ್ಲದ್ದನ್ನು ಗಳಿಸುವುದು ಹೇಗೆಂದು ವಿದ್ಯಾರ್ಥಿಯು ಕೇಳದೆ ಇರುತ್ತಾನೆಯೆ? ಷಟ್‌ಸ್ಥಲದಲ್ಲಿ ‘ಅಂಗ’ವೆಂದರೆ ಲಿಂಗವನ್ನು ಉಪಾಸಿಸುವ ಜೀವ, ಮೈಕೈಯಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ‘ಐಕ್ಯ’. ಶರಣರಿಗೆ ಅದು ಆರನೆಯ ಸ್ಥಲ. ಸಾಧಕನು ಬದುಕಿರುವಾಗಲೇ ಮುಟ್ಟಬೇಕಾದ ನೆಲೆ. ನಮ್ಮ ಪತ್ರಿಕೆಗಳಲ್ಲಿ ‘ಲಿಂಗೈಕ್ಯರಾದರು’ ಎಂದರೆ ತೀರಿಕೊಂಡರು ಎಂದೇ ಅರ್ಥ. ‘ಲಿಂ.’ ಎಂಬ ಸಂಕ್ಷೇಪವಂತೂ ಹೆಸರಿನ ಹಿಂದೆ ಹಚ್ಚುವ ಮರಣದ ಗುರುತಾಗಿದೆ. ಅಗಲಿದವರನ್ನು ಗೌರವದಿಂದ ನೆನೆಯುವ ಈ ಸಂಪ್ರದಾಯವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ನನ್ನ ತಂದೆಯವರ ಹೆಸರಿನ ಹಿಂದೆಯೂ ಅದನ್ನೇ ಬರೆಯುತ್ತೇನೆ. ಆದರೆ ಐಕ್ಯಸ್ಥಲದ ವಚನಗಳನ್ನು ತರಗತಿಯಲ್ಲಿ ಓದಿಸಿದಾಗ ಮಕ್ಕಳು ಅವನ್ನು ಸಾವಿನ ಪದ್ಯಗಳೆಂದು ತಿಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿನ ಸಮರಸಭಕ್ತಿಯ ಉಲ್ಲಾಸ ಅವರಿಗೆ ತಲುಪಲೇ ಇಲ್ಲ. ಪದದ ಒಂದು ಅರ್ಥ ಮತ್ತೊಂದನ್ನು ನುಂಗಿದಾಗ ನಷ್ಟವಾಗುವುದು ನಿಘಂಟಿಗಲ್ಲ, ಸಾಧನೆಯ ಒಂದು ಮೆಟ್ಟಿಲಿಗೆ.

ಅಚ್ಚಿನ ಯುಗಕ್ಕೆ ಬರೋಣ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಆ ಬೃಹತ್ ಗ್ರಂಥದ ತುಂಬ ಸಂಕ್ಷೇಪಗಳೇ. ‘ಬಸವಪುರಾಣ’ವೂ ‘ಶಬ್ದಮಣಿದರ್ಪಣ’ವೂ ಒಂದೆರಡು ಅಕ್ಷರಗಳಾಗಿ ಬರುತ್ತವೆ. ಆದರೆ ಮೊದಲ ಪುಟಗಳಲ್ಲಿಯೇ ಅವನ್ನೆಲ್ಲ ಬಿಡಿಸಿ ಪಟ್ಟಿ ಕೊಟ್ಟಿದ್ದಾರೆ. ಪರಭಾಷೆಯಿಂದ ಬಂದ ಆ ಪಾದ್ರಿಯು ಓದುಗನ ಮೇಲೆ ಏನನ್ನೂ ಹೊರಿಸಲಿಲ್ಲ. ನಮ್ಮ ಕೇಶಿರಾಜನೂ ಆರು ಶತಮಾನಗಳ ಹಿಂದೆ ಸೂತ್ರದ ಕೆಳಗೆ ತಾನೇ ವೃತ್ತಿ ಬರೆದು, ಪ್ರಯೋಗ ತೋರಿಸಿ ಮುಂದೆ ಸಾಗಿದವನೇ ಅಲ್ಲವೆ?

ಡಾ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದು ೧೯೨೩ರಲ್ಲಿ, ‘ಶಿವಾನುಭವ’ ಪತ್ರಿಕೆ ೧೯೨೬ರಲ್ಲಿ. ತಾಡವೋಲೆಗಳಿಂದ ನೇರವಾಗಿ ಬೆಳಕಿಗೆ ತಂದ ಆ ಕಾಲದಲ್ಲಿ ವಿಷಯವಿಭಾಗ ಮಾಡಿ ಕೊಟ್ಟದ್ದೇ ದೊಡ್ಡ ಉಪಕಾರ. ಅನಂತರ ಸಂಪಾದನೆಯ ಶಾಸ್ತ್ರ ಬೆಳೆಯಿತು, ಪಾಠಾಂತರಗಳು ಬಂದವು, ಅವುಗಳೊಡನೆ ಸಂಕ್ಷೇಪಗಳ ದಂಡೂ ಬಂದಿತು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ಗಳನ್ನು ಹದಿನೈದಾಗಿ ಪ್ರಕಟಿಸಿದಾಗ ಕೊನೆಯ ಸಂಪುಟವನ್ನು ಪಾರಿಭಾಷಿಕ ಪದಕೋಶಕ್ಕೆಂದೇ ಮೀಸಲಿಟ್ಟದ್ದು ವಿವೇಕದ ಕೆಲಸ. ನನಗೆ ಕಂಡ ಮಟ್ಟಿಗೆ, ಹದಿನಾಲ್ಕು ಸಂಪುಟಗಳನ್ನು ಕೊಂಡು ಹದಿನೈದನೆಯದನ್ನು ತೆರೆಯದವರೇ ಬಹಳ.

ಈಗಿನ ಲೇಖನಗಳಲ್ಲಿ ‘ಶೂ.ಸಂ.’ ಎಂದು ಬರೆದು ಒಂದು ಸಂಖ್ಯೆ ಹಾಕಿ ಮುಗಿಸುವುದು ಸಾಮಾನ್ಯವಾಗಿದೆ. ಯಾವ ಶೂನ್ಯಸಂಪಾದನೆ? ಶಿವಗಣಪ್ರಸಾದಿ ಮಹಾದೇವಯ್ಯನದೊಂದು, ಹಲಗೆಯಾರ್ಯನದೊಂದು, ಗುಮ್ಮಳಾಪುರದ ಸಿದ್ಧಲಿಂಗದೇವರದೊಂದು, ಗೂಳೂರ ಸಿದ್ಧವೀರಣ್ಣೊಡೆಯರದೊಂದು, ಹೀಗೆ ನಾಲ್ಕು ಇವೆ. ಹಳಕಟ್ಟಿಯವರು ೧೯೩೦ರಲ್ಲಿ ಅಚ್ಚುಹಾಕಿಸಿದ್ದು ಕೊನೆಯದನ್ನು. ನಾಲ್ಕರಲ್ಲಿ ವಚನಗಳ ಸಂಖ್ಯೆ ಒಂದಲ್ಲ, ಕ್ರಮವೂ ಒಂದಲ್ಲ. ಸಿದ್ಧರಾಮನ ದೀಕ್ಷೆಯಂಥ ಪ್ರಸಂಗದ ನಿರೂಪಣೆಯಲ್ಲಿಯೂ ಅವು ಭಿನ್ನವಾಗುತ್ತವೆ. ಒಬ್ಬರು ಒಂದನ್ನು ನೆಚ್ಚಿ ಬರೆದದ್ದನ್ನು ಮತ್ತೊಬ್ಬರು ಇನ್ನೊಂದನ್ನು ತೆರೆದು ನೋಡಿ ಸುಳ್ಳೆನ್ನುವ ವಾದಗಳನ್ನು ನಾನು ಓದಿದ್ದೇನೆ. ಇಬ್ಬರ ಮುಂದೆಯೂ ಇದ್ದದ್ದು ಒಂದೇ ‘ಶೂ.ಸಂ.’ ಪಾಣಿನಿಯ ಎರಡು ಣಕಾರಗಳಿಗೆ ಪತಂಜಲಿ ಇದ್ದನು. ನಮ್ಮ ನಾಲ್ಕು ಶೂನ್ಯಸಂಪಾದನೆಗಳಿಗೆ ಲೇಖಕನೇ ಪತಂಜಲಿಯಾಗಬೇಕು. ‘ಚ.ವ.’ ಎಂದರೆ ಚೆನ್ನಬಸವಣ್ಣನವರ ವಚನವೋ ಚಂದಿಮರಸರದೋ ಚೌಡಯ್ಯನವರದೋ ಎಂಬ ಪ್ರಶ್ನೆಯೂ ಇದೇ ಜಾತಿಯದು.

ಅಂದು ಬಂದ ಹುಡುಗಿಗೆ ಆಮಂತ್ರಣದ ಹಿಂಬದಿಯಲ್ಲಿ ಮೂರೂ ಸಂಕ್ಷೇಪಗಳನ್ನು ಬಿಡಿಸಿ ಬರೆದುಕೊಟ್ಟೆ. ನಿರಂಜನಕ್ಕೆ, ಅಂಜನವೆಂದರೆ ಕಾಡಿಗೆ, ಆ ಕಪ್ಪು ಅಂಟದುದು ಎಂದೆ. ಪ್ರಣವಕ್ಕೆ ಓಂಕಾರವೆಂದೆ. ಷಟ್‌ಸ್ಥಲಕ್ಕೆ ಪತ್ರಿಕೆಯ ಹಿಂಬದಿ ಸಾಲದೆ ಬೇರೆ ಹಾಳೆ ಬೇಕಾಯಿತು. ಐಕ್ಯಕ್ಕೆ ಬಂದಾಗ ಸಂಜೆಯಾಗಿತ್ತು. ಮರುದಿನ ಬರಲು ಹೇಳಿದೆ.

ಮರುದಿನ ಅವಳಿಗೆ ಒಂದು ಕರಡನ್ನೂ ತೋರಿಸಿದೆ. ಈ ಮಾಸಪತ್ರಿಕೆಯ ಪ್ರತಿ ವರ್ಷದ ಮೊದಲ ಸಂಚಿಕೆಯಲ್ಲಿ ಅರ್ಧ ಪುಟದ ಸಂಕ್ಷೇಪಸೂಚಿಯನ್ನು ಅಚ್ಚುಮಾಡಬೇಕೆಂದು ಸಂಪಾದಕರನ್ನು ಪ್ರಾರ್ಥಿಸಲು ನಾನು ಸಿದ್ಧಪಡಿಸಿದ್ದು ಅದು. ನಾಲ್ಕು ಶೂನ್ಯಸಂಪಾದನೆಗಳಿಗೆ ಶಿ, ಹ, ಗು, ಗೂ ಎಂದು ನಾಲ್ಕು ಗುರುತುಗಳನ್ನು ಇಟ್ಟಿದ್ದೆ. ಗುಮ್ಮಳಾಪುರಕ್ಕೂ ಗೂಳೂರಿಗೂ ನಡುವೆ ಒಂದು ದೀರ್ಘ ಮಾತ್ರ ಇದೆ, ಅಚ್ಚಿನಲ್ಲಿ ಅದು ಬಿದ್ದುಹೋದರೆ ಗತಿಯೇನು ಎಂದು ಅವಳು ಕೇಳಿದಳು. ಗ್ರಂಥಕಾರರ ಹೆಸರು ಹಿಡಿಯೋಣವೆಂದರೆ ಇಬ್ಬರೂ ‘ಸಿ’. ಕೊನೆಗೆ ಮಹಾ., ಹಲ., ಗುಮ್ಮ., ಗೂಳೂರ. ಎಂದು ತಿದ್ದಿದ್ದೇನೆ. ಎರಡಕ್ಷರ ಹೆಚ್ಚಾದವು, ಪತ್ರಿಕೆಯಲ್ಲಿ ಅಷ್ಟು ಜಾಗವಿದೆ.